ಬಹುಕಾಲ ಬಚ್ಚಿಟ್ಟ ಹಾಡುಗಳು

ಪೊನ್ನನ ‘ಭುವನೈಕರಾಮಾಭ್ಯುದಯ’ ನಮಗೆ ದೊರೆತಿಲ್ಲ. ರನ್ನನ ‘ಪರಶುರಾಮಚರಿತ’ವೂ ದೊರೆತಿಲ್ಲ. ಕೈಯಲ್ಲಿರುವ ‘ಗದಾಯುದ್ಧ’ದಲ್ಲಿ ಕುಂದುಗಳನ್ನು ಎಣಿಸುವ ಪಂಡಿತರು ಕೂಡ ಕಳೆದುಹೋದ ಆ ಕಾವ್ಯಗಳಲ್ಲಿ ಒಂದು ಕುಂದನ್ನೂ ಕಾಣರು! ಜೋಗಿಮಟ್ಟಿಯ ಕಾಡಿನಲ್ಲಿ ನವಿಲಿನ ಕೂಗನ್ನಷ್ಟೇ ಕೇಳಿ, ಹಕ್ಕಿಯನ್ನು ಕಾಣದೆ ಮರಳಿದ ದುರ್ಗದವರಿಗೆ ಈ ಆಸೆಯ ಬಗೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಾಶ್ಚಾತ್ಯರ ರಾಕ್ ಸಂಗೀತದಲ್ಲಿಯೂ ಇಂಥ ಕಾಣದ ನವಿಲುಗಳುಂಟು. ಹಾಡಿ ಮುದ್ರಿಸಿದ ಮೇಲೂ ಪೇಟೆಗೆ ಬಾರದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಉಳಿದ ಹಾಡುಗಳ ಕಟ್ಟು, ಅವರ ಮಾತಿನಲ್ಲಿ ಆಲ್ಬಂ, ಕಡೆಗೊಮ್ಮೆ ಹೊರಬಂದಾಗ ತನ್ನ ಕೀರ್ತಿಗೆ ತಕ್ಕುದಾಗಿರುತ್ತದೆಯೇ? ತಮ್ಮ ಮನೆಯ ತರುಣರು ಈ ಚರ್ಚೆಯನ್ನು ಮಾಡಿಯೇ ಇರುತ್ತಾರೆ.

ಎಲ್ಲಕ್ಕಿಂತ ಹೆಸರಾದುದು ಅಮೆರಿಕದ ಬೀಚ್ ಬಾಯ್ಸ್ ತಂಡದ ‘ಸ್ಮೈಲ್’. 1966ರಲ್ಲಿ ಬ್ರಯಾನ್ ವಿಲ್ಸನ್ ಇದನ್ನು ಕೈಗೆತ್ತಿಕೊಂಡರು. ಹಾಡನ್ನು ಒಂದೇ ಉಸಿರಿಗೆ ಮುದ್ರಿಸದೆ ತುಂಡುತುಂಡಾಗಿ ಮುದ್ರಿಸಿ, ಬಳಿಕ ಜೋಡಿಸುವುದು ಅವರ ಕ್ರಮ. ತುಂಡುಗಳು ಬೆಳೆದುವು, ಜೋಡಣೆ ಮಾತ್ರ ಮುಗಿಯಲಿಲ್ಲ. ಹೊದಿಕೆಗಳು ಲಕ್ಷಗಟ್ಟಲೆ ಅಚ್ಚಾಗಿದ್ದರೂ 1967ರಲ್ಲಿ ಕೆಲಸ ನಿಂತಿತು. 2004ರಲ್ಲಿ, ತಮ್ಮ ಅರುವತ್ತೆರಡನೆಯ ವಯಸ್ಸಿನಲ್ಲಿ, ವಿಲ್ಸನ್ ಅದನ್ನು ಹೊಸದಾಗಿ ಹಾಡಿ ಪೂರೈಸಿದರು. ಹಳೆಯ ಮುದ್ರಣಗಳು 2011ರಲ್ಲಿ ಬೆಳಕು ಕಂಡುವು. ಅವು ಅಪೂರ್ಣವೆಂಬುದು ನಿಜ. ಆದರೂ ಆ ಎಳೆಯ ಕಂಠಗಳ ಮೇಳವನ್ನು ಕೇಳಿದವರು ಮೋಸ ಹೋದೆವೆನ್ನಲಾರರು.

ಇದಕ್ಕೆ ವಿರುದ್ಧವಾದುದು ಗನ್ಸ್ ಎನ್ ರೋಸಸ್ ತಂಡದ ‘ಚೈನೀಸ್ ಡೆಮಾಕ್ರಸಿ’. ಹತ್ತು ವರ್ಷಕ್ಕೂ ಮಿಕ್ಕಿ ತಿದ್ದಿದ್ದಾಯಿತು. ಹಳೆಯ ಸಂಗಡಿಗರು ಒಬ್ಬೊಬ್ಬರಾಗಿ ತಂಡ ಬಿಟ್ಟದ್ದಾಯಿತು. ಕೋಟಿಗಟ್ಟಲೆ ಡಾಲರು ಕರಗಿತೆಂದು ಪತ್ರಿಕೆಗಳು ಬರೆದುವು. 2008ರೊಳಗೆ ಅದು ಬಂದರೆ ಅಮೆರಿಕದವರಿಗೆಲ್ಲ ಪುಕ್ಕಟೆ ಪಾನೀಯ ಕೊಡುವೆವೆಂದು ಡಾಕ್ಟರ್ ಪೆಪ್ಪರ್ ಎಂಬ ಕಂಪನಿ ಹಾಸ್ಯಕ್ಕೆ ಸಾರಿತು. ಆಲ್ಬಂ ಆ ವರ್ಷದ ನವೆಂಬರಿನಲ್ಲಿ ಬಂದೇಬಿಟ್ಟಿತು! ಕೆಟ್ಟದೆನ್ನುವಂತಿಲ್ಲ. ಪದರದ ಮೇಲೆ ಪದರ ಬಳಿದ ಗೋಡೆಯಂತಿದೆ. ಒಳಗಿನ ಕಲ್ಲು ಯಾವುದೆಂದು ಹುಡುಕಬೇಕು.

ಹೀಗಾಗಿ, ಎಷ್ಟು ಕಾಲ ಕಾದೆವೆಂಬುದಕ್ಕಿಂತ ಆ ಕಾಲದಲ್ಲಿ ಹಾಡಿಗೆ ಏನಾಯಿತೆಂಬುದನ್ನು ವಿಚಾರಿಸಬೇಕೆಂದು ನನಗೆ ತೋರುತ್ತದೆ. ನೀಲ್ ಯಂಗ್ 1974–75ರಲ್ಲಿ ಮುದ್ರಿಸಿದ ‘ಹೋಮ್‌ಗ್ರೋನ್’, ತಮ್ಮ ಸಂಸಾರದ ಬಿರುಕಿನ ನೋವು ತೀರ ಹಸಿಯಾಗಿದೆಯೆಂದು ಅವರೇ ಬದಿಗಿಟ್ಟದ್ದು. 2020ರಲ್ಲಿ ಹೊರಬಂದಾಗಲೂ ಆ ಹಸಿತನ ಆರಿರಲಿಲ್ಲ. ಬೀಗ ಹಾಕಿಟ್ಟ ಹಾಡು ಬಾಡದು. ದಿನವೂ ಕೈಯಾಡಿಸಿದ ಹಾಡಿಗೆ ಆ ಭಾಗ್ಯವಿಲ್ಲ.

ನಮ್ಮ ನಾಡಿನಲ್ಲಿ ಕಾಯುವುದರ ರೀತಿಯೇ ಬೇರೆಯಾಯಿತು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರನ್ನು ಧ್ವನಿಮುದ್ರಿಕೆಯ ಕಂಪನಿಗಳು ಹಲವು ವರ್ಷ ಬರಿಗೈಯಲ್ಲಿ ಕಳುಹಿಸಿದುವು. ಶಿಶುನಾಳ ಶರೀಫರ ತತ್ತ್ವಪದಗಳನ್ನು ಗಿಟಾರಿನೊಡನೆ ಹಾಡಿದರೆ ಕೊಳ್ಳುವವರು ಯಾರು ಎಂಬ ಅನುಮಾನ ಸಹಜವೇ. ಕಡೆಗೆ ಅದೇ 2008ರಲ್ಲಿ ಮುಂಬಯಿಯ ವಿಶಾಲ್–ಶೇಖರ್ ಜೋಡಿ ಅವರ ಮೊದಲ ಆಲ್ಬಮನ್ನು ಹೊರತಂದಿತು. ಹಿಂದೆ ಪ್ರಚಾರದ ಬೆಟ್ಟವಿರಲಿಲ್ಲ. ಆ ಹಾಡುಗಳು ಕಾದದ್ದು ಬೀಗದ ಕೋಣೆಯಲ್ಲಲ್ಲ, ವೇದಿಕೆಯ ಮೇಲೆ, ಕೇಳುಗರ ಎದುರಿಗೆ. ಸಪ್ಪೆಯಾದ ಕಡೆ ಜನ ಎದ್ದುಹೋಗುವರಷ್ಟೆ. ಅದಕ್ಕಿಂತ ಒಳ್ಳೆಯ ತಿದ್ದುಪಡಿ ಉಂಟೇ? ಕನ್ನಡದ ಪದಗಳು ಹೊರನಾಡಿನ ವೇದಿಕೆಗಳನ್ನೂ ಏರಿದುವು.

‘ಸ್ಮೈಲ್’ ಕೇಳಬಯಸುವವರು 2011ರ ಮುದ್ರಣವನ್ನೇ ಮೊದಲು ಕೇಳಲಿ. ಪೂರ್ಣಗೊಂಡ 2004ರದು ಬಳಿಕ. ನಡುವೆ ಮುರಿದ ತುಂಡುಗಳು ಬಂದಲ್ಲಿ ರೇಡಿಯೋ ಕೆಟ್ಟಿತೆಂದು ಯಾರೂ ಎದ್ದು ಗುಂಡಿ ತಿರುಗಿಸಬೇಕಾಗಿಲ್ಲ. ವಿಲ್ಸನ್ ಕೈಬಿಟ್ಟದ್ದು ಅಲ್ಲಿಯೇ.