ಲಸಿಕೆಯ ಜ್ವರಕ್ಕೆ ಹೆದರಬೇಕೇ?

ಪ್ರಶ್ನೆ: ಒಂದೂವರೆ ತಿಂಗಳ ಚುಚ್ಚುಮದ್ದು ಹಾಕಿಸಿದ ರಾತ್ರಿ ಮಗುವಿಗೆ ಜ್ವರ ಬಂತು. ಮುಂದಿನದನ್ನು ಬಿಡಬಹುದೇ?
– ಓದುಗರು, ಅರೇಹಳ್ಳಿ

ಉತ್ತರ: ಬಿಡಬೇಡಿ. 6, 10 ಮತ್ತು 14ನೇ ವಾರ ಕೊಡುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ನಾಯಿಕೆಮ್ಮಿನ ನಿರ್ಜೀವ ರೋಗಾಣು ಇರುತ್ತದೆ. ದೇಹ ಅದನ್ನು ಗುರುತಿಸಿ ಎಚ್ಚೆತ್ತುಕೊಳ್ಳುವಾಗ ಜ್ವರ, ತೊಡೆಯಲ್ಲಿ ಊತ, ರಚ್ಚೆ ಸಹಜ. ಒಂದೆರಡು ದಿನದಲ್ಲಿ ಇಳಿಯುತ್ತದೆ. ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಎಷ್ಟೆಂದು ಆರೋಗ್ಯ ಸಹಾಯಕಿಯರನ್ನು ಕೇಳಿ. ಎದೆಹಾಲು ಕೊಡುತ್ತಿರಿ, ಚುಚ್ಚಿದ ಜಾಗ ತಿಕ್ಕಬೇಡಿ.

ನೆಗಡಿ, ಸಣ್ಣ ಜ್ವರ ಲಸಿಕೆ ತಪ್ಪಿಸಲು ಕಾರಣವಲ್ಲ. ನಿಜವಾದ ಕಾರಣಗಳು ಬೆರಳೆಣಿಕೆಯಷ್ಟು: ಹಿಂದಿನ ಡೋಸಿಗೆ ತೀವ್ರ ಅಲರ್ಜಿಯಾಗಿದ್ದರೆ ಅದೇ ಲಸಿಕೆ ಬೇಡ, ರೋಗನಿರೋಧಕ ಶಕ್ತಿ ತೀರಾ ಕುಂದಿದ ಮಕ್ಕಳಿಗೆ ಬಿಸಿಜಿ, ದಡಾರದಂಥ ಜೀವಂತ ಲಸಿಕೆ ಬೇಡ. ಇದನ್ನು ವೈದ್ಯರೇ ನಿರ್ಧರಿಸಬೇಕು. ತೀವ್ರ ಅಲರ್ಜಿ ಅಪರೂಪ; ಅದಕ್ಕೆಂದೇ ಲಸಿಕೆಯ ನಂತರ ಅರ್ಧ ಗಂಟೆ ಕೂರಿಸುತ್ತಾರೆ. ಫಿಟ್ಸ್, ಉಸಿರಾಟದ ತೊಂದರೆ, ಮಂಪರು ಕಂಡರೆ ತಕ್ಷಣ ಆಸ್ಪತ್ರೆಗೆ ಓಡಿ.

2017ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗ ಲಸಿಕೆಯ ಬಗೆಗಿನ ವಾಟ್ಸ್ಆ್ಯಪ್ ವದಂತಿಗಳು ತಾಯಂದಿರನ್ನು ಕಂಗೆಡಿಸಿದ್ದವು. ಅಂಥ ಮಾತಿಗೆ ಕಿವಿಗೊಡಬೇಡಿ. ಲಸಿಕೆಯ ಜ್ವರ ಎರಡು ದಿನದ್ದು. ನಾಯಿಕೆಮ್ಮು ಹಸುಗೂಸಿನ ಉಸಿರನ್ನೇ ನಿಲ್ಲಿಸಬಲ್ಲದು. ತಾಯಿ ಕಾರ್ಡ್ ಹಿಡಿದು ಮುಂದಿನ ತಾರೀಖಿಗೆ ಖಂಡಿತ ಹೋಗಿ.