ಬ್ರೆಜಿಲಿನ ಹಿಮ, ಯಸಳೂರಿನ ಮಳೆಪುಸ್ತಕ

ಮಲೆನಾಡಿನ ಹಳೆಯ ಕಾಫಿ ಮನೆತನಗಳಲ್ಲಿ ದೇವರಮನೆಯ ಪಂಚಾಂಗದಷ್ಟೇ ಆದರದಿಂದ ಕಾಪಾಡಿಕೊಂಡು ಬಂದ ಇನ್ನೊಂದು ಪುಸ್ತಕವಿರುತ್ತದೆ. ಅದು ಮಳೆಯ ಲೆಕ್ಕದ ಪುಸ್ತಕ. ಪ್ರತಿದಿನ ಬೆಳಗ್ಗೆ ಅಂಗಳದ ಮಳೆಮಾಪಕದಲ್ಲಿ ನಿಂತ ನೀರನ್ನು ಅಳೆದು, ಇಂಚು–ಸೆಂಟುಗಳಲ್ಲಿ ಬರೆದಿಟ್ಟು, ಹೂಮಳೆ ಎಂದು ಬಂತು, ಅದರ ಬೆನ್ನಿಗೇ ಬರಬೇಕಾದ ಬ್ಯಾಕಿಂಗ್ ಮಳೆ ಬಂತೇ ಬರಲಿಲ್ಲವೇ ಎಂಬುದನ್ನು ಅಜ್ಜನ ಕಾಲದ ಅಂಕಿಗಳೊಡನೆ ಹೋಲಿಸಿ ನೋಡುವ ಈ ಶಿಸ್ತು ಸಕಲೇಶಪುರ–ಆಲೂರು ಸೀಮೆಯ ಬೆಳೆಗಾರರಿಗೆ ಸಹಜವಾಗಿಬಿಟ್ಟಿದೆ. ಯಸಳೂರು ಹೋಬಳಿಯ ಒಂದು ತೋಟದ ಮನೆಯ ಜಗುಲಿಯಲ್ಲಿ ಕುಳಿತು ಅಂತಹ ಪುಸ್ತಕಗಳ ಒಂದು ಕಟ್ಟನ್ನು ತಿರುವಿಹಾಕುವ ಸುಯೋಗ ಈಚೆಗೆ ನನಗೆ ಒದಗಿತು. ಅಲ್ಲಿ ಕಂಡದ್ದು ಇನ್ನೂ ನನ್ನ ಮನಸ್ಸನ್ನು ಬಿಟ್ಟಿಲ್ಲ.

ಆ ಮನೆಯ ಹಿರಿಯ ಗೌಡರು ಮಳೆಯ ಅಂಕಿಗಳ ಬಲಗಡೆ ಒಂದು ಅಂಗುಲ ಜಾಗವನ್ನು ಬಿಟ್ಟುಕೊಂಡು, ತಮ್ಮ ತೋಟಕ್ಕೆ ಸಂಬಂಧಿಸಿದ್ದೆಂದು ತೋರಿದ ಲೋಕವಾರ್ತೆಯನ್ನು ಅಲ್ಲಿ ಬರೆದಿಟ್ಟಿದ್ದರು. 1975ರ ಜುಲೈ ತಿಂಗಳಲ್ಲಿ ಇಲ್ಲಿ ಜಡಿಮಳೆ ಹೊಯ್ಯುತ್ತಿದ್ದ ದಿನಗಳ ಎದುರಿಗೆ, ಬ್ರೆಜಿಲ್ ದೇಶದಲ್ಲಿ ಹಿಮ ಕವಿದು ಕಾಫಿ ಗಿಡಗಳು ಸುಟ್ಟುಹೋದವೆಂಬ ಒಂದು ಸಾಲು. ಪರಾನಾ ಪ್ರಾಂತದ ತೋಟಗಳನ್ನೇ ನಿರ್ನಾಮ ಮಾಡಿದ ಆ ಕೊರೆಯುವ ಹಿಮದಿಂದ ಎರಡೇ ವರ್ಷಗಳಲ್ಲಿ ಜಗತ್ತಿನ ಕಾಫಿಯ ಬೆಲೆ ಶಿಖರವನ್ನು ಮುಟ್ಟಿತು. 1989ರ ಜುಲೈನಲ್ಲಿ, ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿದ್ದುದರ ಉಲ್ಲೇಖ; 1994ರಲ್ಲಿ ಮತ್ತೆ ಬ್ರೆಜಿಲಿನ ಹಿಮ; ಅಲ್ಲಿಂದ ಏಳೆಂಟು ವರ್ಷಗಳ ತರುವಾಯ, ವಿಯೆಟ್ನಾಂ ರೊಬಸ್ಟಾವನ್ನು ಮಾರುಕಟ್ಟೆಗೆ ಸುರಿದು ನಮ್ಮ ಬೆಳೆಗಾರರನ್ನು ಸಾಲಕ್ಕೆ ನೂಕಿದ ಕಾಲದ ಕಹಿಯಾದ ಟಿಪ್ಪಣಿಗಳು. ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಿ, ಕಂತುಕಂತಾಗಿ ಹಣ ಪಡೆಯುತ್ತಿದ್ದ ದಿನಗಳಲ್ಲಿ, ತಾನೇ ಮಾರುವ ಹಕ್ಕಿಲ್ಲದ ಬೆಳೆಗಾರನೊಬ್ಬನು ಭೂಗೋಳದ ಇನ್ನೊಂದು ಮಗ್ಗುಲಿನ ಹವೆಯನ್ನು ಇಷ್ಟು ಶ್ರದ್ಧೆಯಿಂದ ಗಮನಿಸುತ್ತಿದ್ದನೆಂಬುದು ನನಗೆ ಪರಮ ಗೌರವದ ವಿಷಯವಾಗಿ ತೋರಿತು.

ಆದರೆ ಆ ಪುಟಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದಲ್ಲ. 1980ರ ದಶಕದ ಉತ್ತರಾರ್ಧದ ಒಂದು ಪುಟದಲ್ಲಿ, ಏಲಕ್ಕಿಯ ದರ ಬಿತ್ತು, ಕಾರಣ ತಿಳಿಯದು ಎಂದು ಗೌಡರು ಶಾಯಿಯಲ್ಲಿ ಬರೆದಿದ್ದರು. ಅದರ ಕೆಳಗೆ, ಬಹು ವರ್ಷಗಳ ಅನಂತರ, ಬೇರೊಂದು ಕೈ ಸೀಸದ ಕಡ್ಡಿಯಿಂದ 'ಗ್ವಾಟೆಮಾಲಾ' ಎಂದು ಬರೆದಿತ್ತು. ಆ ಕೈ ಅವರ ಮೊಮ್ಮಗಳದು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್ ಭಾಷೆಯನ್ನು ಕಲಿತು, ಈಗ ಲ್ಯಾಟಿನ್ ಅಮೆರಿಕದ ಅಧ್ಯಯನದಲ್ಲಿ ತೊಡಗಿರುವ ಆಕೆ ರಜೆಗೆ ಊರಿಗೆ ಬಂದಿದ್ದಳು. “ಬ್ರೆಜಿಲಿನ ಸುದ್ದಿ ಪೇಪರಿನಲ್ಲಿ ಬರುತ್ತಿತ್ತು ಅಜ್ಜ, ಗ್ವಾಟೆಮಾಲಾದ ಸುದ್ದಿಯನ್ನು ನಿಮಗೆ ಯಾರು ಹೇಳಬೇಕಿತ್ತು?” ಎಂದು ಆಕೆ ಕೇಳಿದಾಗ ಹಿರಿಯರು, “ಅದಕ್ಕೇ ಅಲ್ಲವೇನವ್ವ ನಿನ್ನನ್ನು ಓದಿಸಿದ್ದು” ಎಂದು ತಲೆದೂಗಿದರು.

ಆಕೆ ಹೇಳಿದ ಕಥೆಯನ್ನು ಇಲ್ಲಿ ತುಸು ವಿಸ್ತಾರವಾಗಿಯೇ ಬರೆಯುತ್ತೇನೆ. ಪಶ್ಚಿಮ ಘಟ್ಟದ ಮಳೆಕಾಡಿನ ನೆರಳಿನಲ್ಲಿ ತಾನಾಗಿ ಹುಟ್ಟಿ, ನಮ್ಮವರ ಏಲಕ್ಕಿ ಮಲೆಗಳಲ್ಲಿ ಪೋಷಣೆ ಪಡೆದ ಈ ಗಿಡವನ್ನು, ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ, ಗ್ವಾಟೆಮಾಲಾದಲ್ಲಿ ನೆಲೆಸಿದ್ದ ಜರ್ಮನ್ ಕಾಫಿ ಬೆಳೆಗಾರನೊಬ್ಬನು ಕೋಬಾನ್ ಪಟ್ಟಣದ ಸುತ್ತಲಿನ ಮಂಜಿನ ಬೆಟ್ಟಗಳಲ್ಲಿ ನೆಡಿಸಿದನು. ಆಲ್ತಾ ವೆರಾಪಾಸ್ ಎಂಬ ಆ ಪ್ರಾಂತದಲ್ಲಿ ಅದನ್ನು ಇಂದು ಬೆಳೆಯುವವರು ಬಹುಮಟ್ಟಿಗೆ ಕೆಕ್ಚಿ ಎಂಬ ಮಾಯಾ ಜನಾಂಗದ ಸಣ್ಣ ರೈತರು. ಆ ದೇಶದವರು ಏಲಕ್ಕಿಯನ್ನು ತಮ್ಮ ಅಡಿಗೆಯಲ್ಲಿ ಬಳಸುವುದು ಅತ್ಯಲ್ಪ. ಬೆಳೆದುದೆಲ್ಲ ಹಡಗನ್ನೇರಿ ಹೊರಡುತ್ತದೆ, ಅದರಲ್ಲಿ ಬಹುಭಾಗ ಅರಬ್ ದೇಶಗಳಲ್ಲಿ ಅತಿಥಿಗೆ ಕೊಡುವ ಕಾಫಿಯ ಪರಿಮಳವಾಗುತ್ತದೆ. ಶತಮಾನಗಳಿಂದ ಮಲೆನಾಡಿನದೂ ಮಲಬಾರಿನದೂ ಆಗಿದ್ದ ಆ ಅರಬ್ ಮಾರುಕಟ್ಟೆ, 1983ರ ಬರಗಾಲದಲ್ಲಿ ನಮ್ಮ ಫಸಲು ಸೊರಗಿದ ಮೇಲೆ, ಕೆಲವೇ ವರ್ಷಗಳಲ್ಲಿ ನಮ್ಮ ಕೈತಪ್ಪಿತು. ಇಲ್ಲಿ ಗಿಡಗಳು ಕಟ್ಟೆ ರೋಗದಿಂದ ಬಾಡುತ್ತಿದ್ದವು. ಯಸಳೂರು, ಹೆತ್ತೂರು, ಹಾನುಬಾಳು ಸೀಮೆಗಳಲ್ಲಿ ಎಷ್ಟೋ ಮಂದಿ ಏಲಕ್ಕಿ ಮಲೆಯನ್ನು ಕಡಿದು ಕಾಫಿ ಹಾಕಿದರು. ದೋಣಿಗಾಲಿನ ಏಲಕ್ಕಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಗಿಡದ ರೋಗವನ್ನು ಕುರಿತು ಶ್ರಮಿಸಿದರು. ಆದರೆ ರೋಗದೊಡನೆ ಒಂದು ದೇಶವೂ ಎದುರಿಗೆ ನಿಂತಿದೆಯೆಂಬುದನ್ನು ಬೆಳೆಗಾರನಿಗೆ ಅವನ ಭಾಷೆಯಲ್ಲಿ ತಿಳಿಸುವವರು ಯಾರೂ ಇರಲಿಲ್ಲ. ಕೋಬಾನಿನ ಕೂಲಿಯ ದರವೇನು, ಅಲ್ಲಿನ ದೀರ್ಘವಾದ ಅಂತರ್ಯುದ್ಧದಲ್ಲಿ ಈ ಬೆಟ್ಟದ ರೈತರ ಪಾಡೇನಾಯಿತು, ಅವರಿಗೂ ಮಧ್ಯವರ್ತಿಗಳ ಕಾಟವಿದೆಯೇ ಎಂಬ ಪ್ರಶ್ನೆಗಳಿಗೆ ಸ್ಪ್ಯಾನಿಷ್ ಪತ್ರಿಕೆಗಳನ್ನು ಓದಿ ಉತ್ತರ ಹುಡುಕುತ್ತಿರುವ ಈ ಹುಡುಗಿಯ ಮಾತು ಕೇಳುತ್ತ ಕೇಳುತ್ತ, ಪ್ರತಿಸ್ಪರ್ಧಿಗಳೆಂದು ನಾನು ಎಣಿಸಿದ್ದ ಜನರು ಯಸಳೂರಿನವರದೇ ಇನ್ನೊಂದು ಕವಲೆಂಬಂತೆ ತೋರತೊಡಗಿದರು.

ಇಂತಹ ವಿದ್ಯೆಗೆ ವಿಶ್ವವಿದ್ಯಾಲಯಗಳಲ್ಲಿ ಪ್ರದೇಶಾಧ್ಯಯನವೆಂದು ಹೆಸರು. ಒಂದು ಭೂಭಾಗವನ್ನು ಆಯ್ದುಕೊಂಡು, ಮೊದಲು ಅದರ ಭಾಷೆಯನ್ನೂ, ಅನಂತರ ಅದರ ಚರಿತ್ರೆ, ಅರ್ಥವ್ಯವಸ್ಥೆ, ರಾಜಕೀಯ, ಸಾಹಿತ್ಯಗಳನ್ನೂ ಒಟ್ಟಿಗೆ ಕಲಿಯುವ ಕ್ರಮವಿದು. ಸ್ಪುಟ್ನಿಕ್ ಹಾರಿದ ಮರುವರ್ಷ, ಎಂದರೆ 1958ರಲ್ಲಿ, ಅಮೆರಿಕವು ರಾಷ್ಟ್ರೀಯ ರಕ್ಷಣೆಯ ಹೆಸರಿನಲ್ಲೇ ಒಂದು ಶಿಕ್ಷಣ ಕಾಯಿದೆಯನ್ನು ಮಾಡಿ ಇದಕ್ಕೆ ಹಣ ಸುರಿಯಿತು. ಶೀತಲಸಮರದ ಅಗತ್ಯದಿಂದ ಹುಟ್ಟಿದ ಈ ಔದಾರ್ಯವನ್ನು ನಾನು ಪೂರ್ಣವಾಗಿ ನಂಬುವವನಲ್ಲ. ಆದರೂ ಅದರ ಫಲವನ್ನು ಅಲ್ಲಗಳೆಯಲಾರೆ. ನಮಗೆ ಮಾರಿದ ಗೋಧಿಗೆ ಬದಲಾಗಿ ಅಮೆರಿಕದ ಖಾತೆಯಲ್ಲಿ ಜಮೆಯಾದ ರೂಪಾಯಿಗಳಿಂದ, 1962ರಿಂದ ಮುಂದಕ್ಕೆ, ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ಗ್ರಂಥಾಲಯಗಳಿಗೆ ಕಳಿಸಲಾಯಿತು. ಅದೇ ಕಾಲದಲ್ಲಿ ಷಿಕಾಗೋ ಸೇರಿದ ಮೈಸೂರಿನ ಎ. ಕೆ. ರಾಮಾನುಜನ್ನರು 1973ರಲ್ಲಿ ವಚನಗಳನ್ನು ಇಂಗ್ಲಿಷಿನಲ್ಲಿ ಲೋಕದ ಮುಂದಿಟ್ಟರು. ಅಮೆರಿಕದ ವಿದ್ಯಾರ್ಥಿಗಳಿಗೆ ಮೈಸೂರಿನಲ್ಲಿ ಕನ್ನಡ ಕಲಿಸುವ ವ್ಯವಸ್ಥೆಯೂ ಆಯಿತು. ಅದಕ್ಕೂ ಒಂದು ಶತಮಾನ ಮೊದಲೇ, 1856ರಲ್ಲಿ ಇದೇ ಸೀಮೆಯ ಮಂಜರಾಬಾದಿಗೆ ಬಂದು ತೋಟ ಮಾಡಿದ ರಾಬರ್ಟ್ ಎಲಿಯಟ್ ಎಂಬ ಸ್ಕಾಟ್ಲೆಂಡಿನವನು, ಈ ಬೆಟ್ಟದ ಜನರ ನಡೆನುಡಿಗಳನ್ನು 1871ರಲ್ಲಿ ಎರಡು ಸಂಪುಟಗಳಲ್ಲಿ ಬರೆದು ಪ್ರಕಟಿಸಿದ್ದನು. ಹೀಗೆ ಅನ್ಯರು ನಮ್ಮನ್ನು ಓದಿದ್ದಾರೆ, ಓದುತ್ತಲೂ ಇದ್ದಾರೆ. ನಾವು ಅನ್ಯರನ್ನು ಓದಿದ್ದು ಕಡಿಮೆ.

ಹಾಗೆಂದು ಈ ಬೆಟ್ಟಗಳಿಗೆ ಪರದೇಶದ ವಿದ್ಯೆ ಅಪರಿಚಿತವೇನೂ ಅಲ್ಲ. ಸಕಲೇಶಪುರದ ಬಳಿ 1792ರ ಹೊತ್ತಿಗೆ ಮುಗಿದ ಮಂಜರಾಬಾದ್ ಕೋಟೆಯ ಎಂಟು ಮೂಲೆಗಳ ನಕ್ಷತ್ರಾಕಾರವನ್ನು ನೋಡಿದವರಿಗೆ, ಅದರ ಹಿಂದೆ ಫ್ರಾನ್ಸಿನ ಕೋಟೆವಿದ್ಯೆ ಇರುವುದು ಗೊತ್ತೇ ಇದೆ. ಅದನ್ನು ಕಟ್ಟಿಸಿದ ಟಿಪ್ಪು ಸುಲ್ತಾನನು ಕಾನ್‌ಸ್ಟಾಂಟಿನೋಪಲಿಗೂ ಪ್ಯಾರಿಸ್ಸಿಗೂ ರಾಯಭಾರಿಗಳನ್ನು ಕಳಿಸಿದ್ದನು.

ಸ್ವತಂತ್ರ ಭಾರತದಲ್ಲಿ ಪ್ರದೇಶಾಧ್ಯಯನಕ್ಕೆ ನೆಲೆ ದೊರೆತದ್ದು 1955ರಲ್ಲಿ, ದೆಹಲಿಯ ಅಂತಾರಾಷ್ಟ್ರೀಯ ಅಧ್ಯಯನ ಸಂಸ್ಥೆಯಿಂದ. 1970ರಲ್ಲಿ ಅದು ಜೆಎನ್‌ಯುವಿನಲ್ಲಿ ವಿಲೀನವಾಯಿತು. ಅಲ್ಲಿ ಆಫ್ರಿಕ, ಪಶ್ಚಿಮ ಏಷ್ಯ, ಲ್ಯಾಟಿನ್ ಅಮೆರಿಕ, ರಷ್ಯ ಮೊದಲಾದ ಪ್ರದೇಶಗಳನ್ನು ಅಧ್ಯಯನ ಮಾಡುವ ಕೇಂದ್ರಗಳಿವೆ. ಪಿಯುಸಿ ಮುಗಿಸಿದವರು ಸಿಯುಇಟಿ ಪರೀಕ್ಷೆಯ ಮೂಲಕ ಅಲ್ಲಿ ಸ್ಪ್ಯಾನಿಷ್, ಅರಬ್ಬಿ, ಚೀನಿ, ಜಪಾನಿ, ರಷ್ಯನ್ ಮುಂತಾದ ಭಾಷೆಗಳ ಬಿ.ಎ. ಪದವಿಗೆ ಸೇರಬಹುದು. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವೂ ಇದೆ. ಘಟ್ಟದ ಕೆಳಗೆ ಮಣಿಪಾಲದಲ್ಲಿ ಭೂರಾಜಕೀಯ ಮತ್ತು ಅಂತಾರಾಷ್ಟ್ರೀಯ ಸಂಬಂಧಗಳ ವಿಭಾಗವಿದೆ.

ಓದಿದ ಮೇಲೆ ಅನ್ನಕ್ಕೇನು ದಾರಿಯೆಂದು ಕೇಳುವ ತಂದೆತಾಯಿಗಳ ಪ್ರಶ್ನೆ ನ್ಯಾಯವಾದದ್ದು. ಐಎಫ್‌ಎಸ್ ಎಂಬ ವಿದೇಶಾಂಗ ಸೇವೆಯ ಹೆಸರು ಎಲ್ಲರಿಗೂ ಗೊತ್ತು. ಆದರೆ ಅದರ ಬಾಗಿಲು ಯುಪಿಎಸ್‌ಸಿ ಪರೀಕ್ಷೆಯೇ ಹೊರತು ಯಾವ ಪದವಿಯೂ ಅಲ್ಲ, ಮತ್ತು ಆ ಬಾಗಿಲು ಬಲು ಕಿರಿದು. ಅದಕ್ಕಿಂತ ವಿಶಾಲವಾದ ದಾರಿಗಳು ದುಭಾಷಿಗಳದು, ಅನುವಾದಕರದು, ಅಧ್ಯಾಪಕರದು, ವಿದೇಶ ವಾರ್ತೆಯ ಪತ್ರಕರ್ತರದು, ದೆಹಲಿ–ಬೆಂಗಳೂರುಗಳ ಚಿಂತನ ಸಂಸ್ಥೆಗಳಲ್ಲಿ ಒಂದೊಂದು ದೇಶವನ್ನೇ ಹಿಡಿದು ಸಂಶೋಧಿಸುವವರದು. ಜಪಾನ್, ಜರ್ಮನಿಗಳೊಡನೆ ವ್ಯವಹರಿಸುವ ಬೆಂಗಳೂರಿನ ಕಂಪೆನಿಗಳಿಗೆ ಆ ಭಾಷೆ ಬಲ್ಲವರು ಬೇಕು. ನಮ್ಮ ಕಾಫಿಯನ್ನು ಇಟಲಿ, ಜರ್ಮನಿ, ರಷ್ಯ, ಬೆಲ್ಜಿಯಂಗಳಿಗೆ ಕಳಿಸುವ ರಫ್ತುದಾರರಿಗೂ, ಕೊಳ್ಳುವವನ ಭಾಷೆಯಲ್ಲಿ ಕಾಗದ ಬರೆಯಬಲ್ಲ, ಬ್ರೆಜಿಲಿನ ಪತ್ರಿಕೆಯನ್ನು ಪೋರ್ಚುಗೀಸಿನಲ್ಲೇ ಓದಬಲ್ಲ ಒಬ್ಬರು ಕಚೇರಿಯಲ್ಲಿದ್ದರೆ ಲಾಭವೆಂಬುದರಲ್ಲಿ ಸಂದೇಹವಿಲ್ಲ.

ಇಲ್ಲಿ ಒಂದು ಮಾತನ್ನು ಖಂಡಿತವಾಗಿ ಹೇಳಬೇಕು. ಭಾಷೆಯನ್ನು ಕಲಿಯದೆ, ಇಂಗ್ಲಿಷ್ ಪುಸ್ತಕಗಳಿಂದಲೇ ಯಾವುದೋ ಖಂಡದ ವಿಶೇಷಜ್ಞನೆನಿಸಿಕೊಳ್ಳುವ ಪದವಿಗೆ ಬೆಲೆಯಿಲ್ಲ. ಅಂತಹವನಿಗೆ ಉದ್ಯೋಗವೂ ದುರ್ಲಭ, ವಿದ್ಯೆಯೂ ದುರ್ಲಭ. ಐದಾರು ವರ್ಷ ಒಂದು ಭಾಷೆಗೆ ತಲೆಬಾಗಿದವನಿಗೆ ಮಾತ್ರ ಆ ದೇಶ ಬಾಯಿಬಿಟ್ಟು ಮಾತಾಡುತ್ತದೆ. ಸಕಲೇಶಪುರದ ಮಕ್ಕಳಲ್ಲಿ ಅನೇಕರು ಕನ್ನಡದೊಡನೆ ತುಳು, ಬ್ಯಾರಿ, ಕೊಂಕಣಿ, ತಮಿಳು, ಮಲಯಾಳಗಳನ್ನು ಕೇಳುತ್ತಲೇ ಬೆಳೆಯುವವರು. ಇನ್ನೊಂದು ಭಾಷೆ ಅವರಿಗೆ ಭಾರವಾಗಲಾರದೆಂದು ನನ್ನ ನಂಬಿಕೆ.

ಆದುದರಿಂದ ಈ ಸೀಮೆಯ ಬೆಳೆಗಾರರ ಸಂಘಗಳಲ್ಲಿ ನನ್ನದೊಂದು ಬಿನ್ನಹ. ವರ್ಷಕ್ಕೊಬ್ಬ ವಿದ್ಯಾರ್ಥಿಯನ್ನಾದರೂ, ತೋಟದ ಧಣಿಯ ಮಗುವಾಗಲಿ ಲೈನಿನ ಕಾರ್ಮಿಕನ ಮಗುವಾಗಲಿ, ಸ್ಪ್ಯಾನಿಷ್, ಪೋರ್ಚುಗೀಸ್, ಅರಬ್ಬಿ, ವಿಯೆಟ್ನಾಮೀ ಭಾಷೆಗಳಲ್ಲಿ ಒಂದನ್ನು ಕಲಿಯಲು ಕಳಿಸಿ, ಅದರ ವೆಚ್ಚವನ್ನು ವಹಿಸಿಕೊಳ್ಳಿ. ಹಾಸನದ ಹೇಮಗಂಗೋತ್ರಿ ವಿಶ್ವವಿದ್ಯಾಲಯ ಆವರಣದಲ್ಲಿ ಈ ಭಾಷೆಗಳಲ್ಲಿ ಒಂದಕ್ಕಾದರೂ ಸಂಜೆಯ ತರಗತಿ ನಡೆಯುವಂತೆ ಒತ್ತಾಯಿಸಿ. ಪಿಯುಸಿ ಓದುತ್ತಿರುವ ಮಕ್ಕಳು ಮನೆಯಲ್ಲಿದ್ದರೆ, ವೈದ್ಯಕೀಯ–ಇಂಜಿನಿಯರಿಂಗುಗಳ ಮಾತಿನ ನಡುವೆ, ಇಂತಹದೊಂದು ವಿದ್ಯೆಯೂ ಇದೆಯೆಂಬುದನ್ನು ಅವರ ಕಿವಿಗೆ ಹಾಕಿ. ಸಿಯುಇಟಿಗೆ ಅರ್ಜಿ ಕರೆದಾಗ ವಿದೇಶಿ ಭಾಷೆಗಳ ಪುಟವನ್ನೂ ಒಮ್ಮೆ ಅವರೊಡನೆ ಕುಳಿತು ನೋಡಿ.