ಹೂವಿನ ಹಿಂದಿನ ಬೀದಿ

ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ ಯಾವುದಾದರೂ ಒಂದು ಭಾನುವಾರ ಬೆಳಗ್ಗೆ ಬೆಂಗಳೂರಿನ ಕಬ್ಬನ್ ಉದ್ಯಾನಕ್ಕೆ ಹೋಗಿ ನೋಡಿ. ವಾಕಿಂಗ್‌ಗೆ ಬಂದವರು ನಡೆಯುವುದನ್ನು ಮರೆತು ತಲೆ ಎತ್ತಿ ನಿಂತಿರುತ್ತಾರೆ. ಮದುವೆ ಗೊತ್ತಾದ ಜೋಡಿಯೊಂದು ರೇಷ್ಮೆ ಸೀರೆ, ಪಂಚೆಯಲ್ಲಿ ಬಂದು ಉದುರಿದ ಹೂಗಳ ಮೇಲೆ ಕುಳಿತಿರುತ್ತದೆ. ಅಪ್ಪನೊಬ್ಬ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಕೊಂಬೆಗೆ ಹತ್ತಿರ ಹಿಡಿಯುತ್ತಾನೆ, ತಾಯಿ ಮೊಬೈಲ್ ಹಿಡಿದು ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ. ಎಲ್ಲರ ಕಣ್ಣೂ ಒಂದೇ ಕಡೆ. ಎಲೆಯೇ ಇಲ್ಲದ ಮರ, ಮೈತುಂಬ ಗುಲಾಬಿ ಬಣ್ಣದ ಹೂವು.

ಆ ಬೆಳಗ್ಗೆ ತೆಗೆದ ನೂರಾರು ಚಿತ್ರಗಳಲ್ಲಿ ಬಹುಪಾಲು ಒಂದೇ ಬಗೆಯವು. ಕೆಳಗೆ ಹೂವು, ಮೇಲೆ ನೀಲಿ ಆಕಾಶ. ಚೆಲುವೇನೋ ಸರಿ. ಆದರೆ ಆ ಚಿತ್ರವನ್ನು ಪರ ಊರಿನವರ ಕೈಗೆ ಕೊಟ್ಟು ಇದು ಎಲ್ಲಿಯದು ಎಂದು ಕೇಳಿದರೆ ಅವರೇನು ಹೇಳಿಯಾರು? ಮೆಕ್ಸಿಕೊದಲ್ಲಿಯೂ ಇದೇ ಹೂವು, ಸಿಂಗಪುರದಲ್ಲಿಯೂ ಇದೇ ಹೂವು. ಬೆಂಗಳೂರಿನ ವಸಂತ ಎನ್ನುವುದು ಹೂವಿನಲ್ಲಿ ಮಾತ್ರ ಇಲ್ಲ. ಅದು ಹೂವಿನ ಹಿಂದೆ ಕಾಣುವ ಬೀದಿಯಲ್ಲಿ, ಕಟ್ಟಡದಲ್ಲಿ, ಬಂಡೆಯಲ್ಲಿ ಇದೆ. ಯಾಕೆ ಎಂದು ತಿಳಿಯಲು ಈ ವಸಂತ ಹೇಗೆ ಬಂತು ಎಂಬುದನ್ನು ಸ್ವಲ್ಪ ನೋಡಬೇಕು.

ಪಂಚಾಂಗದ ವಸಂತ, ಮರದ ವಸಂತ

ಪಂಚಾಂಗದ ಪ್ರಕಾರ ಚೈತ್ರ, ವೈಶಾಖಗಳು ವಸಂತ ಋತು. ಯುಗಾದಿಯೇ ಅದರ ಬಾಗಿಲು. ಆದರೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಮರಗಳು ಯುಗಾದಿಗೆ ಕಾಯುವುದಿಲ್ಲ. ಚಳಿಗಾಲ ಮುಗಿದು ನೆಲದ ತೇವ ಆರತೊಡಗಿದಾಗ, ಜನವರಿ–ಫೆಬ್ರುವರಿಯಲ್ಲಿಯೇ ಹಲವು ಮರಗಳು ಎಲೆ ಉದುರಿಸುತ್ತವೆ. ಎಲೆಯ ಮೂಲಕ ನೀರು ಆವಿಯಾಗಿ ಹೋಗುತ್ತದೆ. ಎಲೆ ಇಲ್ಲದಿದ್ದರೆ ಆ ಖರ್ಚು ಉಳಿಯುತ್ತದೆ. ಉಳಿಸಿದ ಶಕ್ತಿಯಿಂದ ಮರ ಮೊದಲು ಹೂ ಬಿಡುತ್ತದೆ, ಆಮೇಲೆ ಚಿಗುರುತ್ತದೆ. ಎಲೆಯ ಮರೆ ಇಲ್ಲದ ಕಾರಣ ಜೇನ್ನೊಣಕ್ಕೂ ಹಕ್ಕಿಗೂ ಹೂವು ದೂರದಿಂದಲೇ ಕಾಣುತ್ತದೆ. ಪರಾಗಸ್ಪರ್ಶಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ಕ್ಯಾಮೆರಾ ಹಿಡಿದವರಿಗೆ ಅದರ ಲಾಭ ಪುಕ್ಕಟೆ ಸಿಕ್ಕಿದೆ.

ಹೂವುಗಳಿಗೆ ಒಂದು ಸರದಿ ಇದೆ. ಮೊದಲು ಹಳದಿ ಟಬೂಬಿಯಾ, ಅದರ ಹಿಂದೆಯೇ ತಿಳಿನೇರಳೆಯ ಜಕರಾಂಡ, ಮಾರ್ಚ್ ಹೊತ್ತಿಗೆ ಗುಲಾಬಿ ಟಬೂಬಿಯಾ. ಏಪ್ರಿಲ್‌ನಲ್ಲಿ ಮಳೆಮರದ ಕುಚ್ಚಿನಂಥ ಹೂವು, ಕಾಲುದಾರಿಯನ್ನೆಲ್ಲ ಅರಿಸಿನ ಮಾಡುವ ಹಳದಿ ಗುಲ್‌ಮೊಹರ್. ಬೇಸಿಗೆ ರಜೆಯ ಹೊತ್ತಿಗೆ ಕೆಂಡದಂಥ ಗುಲ್‌ಮೊಹರ್.

ಈ ಪಟ್ಟಿಯಲ್ಲಿ ಒಂದು ಸೋಜಿಗವಿದೆ. ಇವುಗಳಲ್ಲಿ ಒಂದೂ ಕರ್ನಾಟಕದ ಮೂಲದ್ದಲ್ಲ. ಟಬೂಬಿಯಾ ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. ಜಕರಾಂಡ ಅರ್ಜೆಂಟೀನ, ಬೊಲಿವಿಯಾ ಕಡೆಯದು. ಮಳೆಮರವೂ ಅಮೆರಿಕ ಖಂಡದ ಉಷ್ಣವಲಯದಿಂದ ಬಂದದ್ದು. ಹಳದಿ ಗುಲ್‌ಮೊಹರ್ ಆಗ್ನೇಯ ಏಷ್ಯಾದ್ದು, ಕೆಂಪು ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ಅಷ್ಟೇಕೆ, ಹೆಡೆ ಎತ್ತಿದ ಹಾವಿನ ಕೆಳಗೆ ಲಿಂಗವನ್ನು ಇಟ್ಟಂತೆ ಕಾಣುವುದರಿಂದ ಶಿವನಿಗೆ ಪ್ರಿಯವೆಂದು ದೇವಸ್ಥಾನದ ಅಂಗಳದಲ್ಲಿ ಬೆಳೆಸುವ ನಾಗಲಿಂಗ ಪುಷ್ಪದ ಮರವೂ ದಕ್ಷಿಣ ಅಮೆರಿಕದಿಂದ ಬಂದ ಅತಿಥಿ! ಬಂದವರನ್ನು ನಮ್ಮವರೆಂದು ಒಪ್ಪಿಕೊಳ್ಳುವುದರಲ್ಲಿ ಈ ಊರು ಮರಗಳ ವಿಷಯದಲ್ಲಿಯೂ ಉದಾರಿ.

ಹಾಗೆಂದು ನಮ್ಮ ನೆಲದ ಮರಗಳು ಸುಮ್ಮನೆ ಕುಳಿತಿಲ್ಲ. ಮುತ್ತುಗ, ಬೂರುಗಗಳು ಫೆಬ್ರುವರಿ–ಮಾರ್ಚ್‌ನಲ್ಲಿ ಕೆಂಪಾಗುತ್ತವೆ. ಯುಗಾದಿಯ ಆಸುಪಾಸಿನಲ್ಲಿ ಹೊಂಗೆ ಎಳೆಹಸಿರಾಗಿ ಚಿಗುರುತ್ತದೆ. ಅದರ ಸಣ್ಣ ಹೂಗಳು ಫೋಟೊದಲ್ಲಿ ಹೆಚ್ಚೇನೂ ಕಾಣುವುದಿಲ್ಲ. ಆದರೆ ಮರದ ಕೆಳಗೆ ನಿಂತರೆ ಜೇನಿನ ಝೇಂಕಾರ ಕೇಳುತ್ತದೆ, ನೆಲದ ಮೇಲೆ ಅರಳು ಚೆಲ್ಲಿದಂತೆ ಹೂವು ಹರಡಿರುತ್ತದೆ. ಬೇವು ಕೂಡ ಹಾಗೆಯೇ. ಬೇವು–ಬೆಲ್ಲದ ಬಟ್ಟಲಿಗೆ ಆ ಹೂವು ಬೀಳುತ್ತದೆಯೇ ಹೊರತು ಅದರ ಕೆಳಗೆ ನಿಂತು ಚಿತ್ರ ತೆಗೆಸಿಕೊಳ್ಳುವವರು ಕಡಿಮೆ.

ನೆಟ್ಟು ಬೆಳೆಸಿದ ಋತು

ಹೊರಗಿನ ಮರಗಳು ತಾವಾಗಿ ನಡೆದು ಬರಲಿಲ್ಲ. 1760ರಲ್ಲಿ ಹೈದರ್ ಅಲಿ ಆರಂಭಿಸಿದ ಲಾಲ್‌ಬಾಗ್‌ಗೆ ಟಿಪ್ಪು ಸುಲ್ತಾನ್ ದೂರದೇಶಗಳ ಗಿಡ, ಬೀಜಗಳನ್ನು ತರಿಸಿದ. ಬ್ರಿಟಿಷರ ಕಾಲದಲ್ಲಿ ಅದು ಸಸ್ಯಶಾಸ್ತ್ರೀಯ ತೋಟವಾಗಿ ಬೆಳೆಯಿತು. ಈಗ ಲಾಲ್‌ಬಾಗ್ ಎಂದರೆ ಮೊದಲು ಕಣ್ಣಿಗೆ ಬರುವ ಗಾಜಿನ ಮನೆಯ ಅಡಿಗಲ್ಲು ಬಿದ್ದದ್ದು 1889ರಲ್ಲಿ.

ಆದರೆ ನಗರದ ಹೂವಿನ ಸರದಿಗೆ ಒಬ್ಬ ಸೂತ್ರಧಾರನಿದ್ದರೆ ಅವರು ಗುಸ್ತಾವ್ ಹರ್ಮನ್ ಕ್ರುಂಬಿಗಲ್. 1865ರಲ್ಲಿ ಜರ್ಮನಿಯ ಡ್ರೆಸ್ಡೆನ್ ಸಮೀಪ ಹುಟ್ಟಿದ ಅವರು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡಾ ಸಂಸ್ಥಾನಕ್ಕೆ ಬಂದರು. 1908ರಲ್ಲಿ ಲಾಲ್‌ಬಾಗ್‌ನ ಹೊಣೆ ಹೊತ್ತು 1932ರವರೆಗೆ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದರು. ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಊರಿನ ಯಾವುದಾದರೊಂದು ಸಾಲುಮರ ಹೂ ಬಿಟ್ಟಿರಬೇಕು, ಒಂದು ಬೀದಿಯ ಹೂವು ಮುಗಿಯುವ ಹೊತ್ತಿಗೆ ಇನ್ನೊಂದರಲ್ಲಿ ಆರಂಭವಾಗಬೇಕು ಎಂಬುದು ಅವರ ಲೆಕ್ಕಾಚಾರ. ಇಂದು ನಾವು ನೋಡುವ ಮರಗಳೆಲ್ಲ ಅವರೇ ನೆಟ್ಟವಲ್ಲ. ಆ ಯೋಚನೆ ಅವರದು. ನಿವೃತ್ತಿಯ ನಂತರವೂ ಅವರು ತವರಿಗೆ ಮರಳದೆ 1956ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಲಾಲ್‌ಬಾಗ್ ಸಮೀಪದ ರಸ್ತೆಯೊಂದಕ್ಕೆ ಅವರ ಹೆಸರಿದೆ.

ಅವರ ನಂತರ ಎಚ್.ಸಿ. ಜವರಾಯ, ಎಂ.ಎಚ್. ಮರಿಗೌಡ ಅವರು ತೋಟಗಾರಿಕೆಯನ್ನು ಮುಂದುವರಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಮೇಲ್ವಿಚಾರಣೆಯಲ್ಲಿ ಹೊಸ ಬಡಾವಣೆಗಳ ಬೀದಿಗಳಲ್ಲಿ ಸುಮಾರು 15 ಲಕ್ಷ ಗಿಡಗಳನ್ನು ನೆಡಲಾಯಿತು. ಎಂದರೆ, ಬೆಂಗಳೂರಿನ ವಸಂತ ಬಹುಮಟ್ಟಿಗೆ ಮನುಷ್ಯರು ಕುಳಿತು ಯೋಚಿಸಿ, ಗುಂಡಿ ತೋಡಿ, ನೀರು ಹೊಯ್ದು ಮಾಡಿದ್ದು. ಕಡತದ ಮೇಲಿನ ಒಂದು ಸಹಿಯಿಂದ ಬಂದದ್ದು ಇನ್ನೊಂದು ಸಹಿಯಿಂದ ಹೋಗಲೂಬಹುದು.

ಮರದ ಜತೆಗಿನ ಗುರುತುಗಳು

ಮತ್ತೆ ಕಬ್ಬನ್ ಉದ್ಯಾನಕ್ಕೆ ಬರೋಣ. 1870ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ರೂಪಿಸಿದ ಉದ್ಯಾನವಿದು. 1927ರಿಂದ ಇದರ ಅಧಿಕೃತ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನ. ಜನರ ಬಾಯಲ್ಲಿ ಮಾತ್ರ ಇಂದಿಗೂ ಕಬ್ಬನ್ ಪಾರ್ಕ್. ಅದರ ಅಂಚಿನಲ್ಲಿ ಕೆಂಪು ಬಣ್ಣದ ಅಠಾರ ಕಚೇರಿ ನಿಂತಿದೆ. 1868ರಲ್ಲಿ ಪೂರ್ಣಗೊಂಡ ಈ ಕಟ್ಟಡದಲ್ಲಿ ಹೈಕೋರ್ಟ್ ಇದೆ. 1980ರ ದಶಕದಲ್ಲಿ ಇದನ್ನು ಕೆಡವುವ ಪ್ರಸ್ತಾಪ ಬಂದಿತ್ತು. ನಾಗರಿಕರ ವಿರೋಧದಿಂದ ಕಟ್ಟಡ ಉಳಿಯಿತು. ಈ ಕೆಂಪು ಗೋಡೆಯ ಮುಂದೆ ಗುಲಾಬಿ ಹೂವಿನ ಕೊಂಬೆ ಬಾಗಿರುವ ಚಿತ್ರವನ್ನು ನೋಡಿದವರು ಊರು ಯಾವುದೆಂದು ಕೇಳುವುದಿಲ್ಲ.

ಲಾಲ್‌ಬಾಗ್ ಬಂಡೆಯೂ ಅಂಥ ಗುರುತು. ಭೂವಿಜ್ಞಾನಿಗಳು ಈ ಶಿಲೆಯ ವಯಸ್ಸನ್ನು ಸುಮಾರು 300 ಕೋಟಿ ವರ್ಷ ಎನ್ನುತ್ತಾರೆ. ಅದರ ಮೇಲೆ ಕೆಂಪೇಗೌಡರ ಹೆಸರಿನ ಗೋಪುರ, ಕೆಳಗೆ ಕೆಲವೇ ದಿನ ಬಾಳುವ ಹೂವು. ಎರಡೂ ಒಂದೇ ಚೌಕಟ್ಟಿನಲ್ಲಿ ಬಂದರೆ ಬೇರೆ ವಿವರಣೆ ಬೇಕಿಲ್ಲ. 1898ರ ಪ್ಲೇಗ್ ಹಾವಳಿಯ ನಂತರ ಬೆಳೆದ ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆ, ಮಾರ್ಗೋಸಾ ಎಂದರೆ ಬೇವಿನ ರಸ್ತೆ, ಹೀಗೆ ಬೀದಿಗಳಿಗೇ ಮರದ ಹೆಸರುಗಳಿವೆ. ಆ ಹೆಸರಿನ ಫಲಕದ ಹಿಂದೆ ಆ ಮರ ಎಷ್ಟು ಉಳಿದಿದೆ? ಚಿತ್ರ ತೆಗೆಯುವವರಿಗೆ ಅದೊಂದೇ ಪ್ರಶ್ನೆ ಒಂದು ಬೆಳಗಿನ ಕೆಲಸಕ್ಕೆ ಸಾಕು.

ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗವನ್ನು ಬಿಟ್ಟು ಈ ಊರಿನ ವಸಂತದ ಮಾತು ಮುಗಿಯುವುದಿಲ್ಲ. ಮಲ್ಲಿಗೆಯಲ್ಲಿ ಮುಚ್ಚಿದ ಕರಗ, ಕತ್ತಿ ಹಿಡಿದ ವೀರಕುಮಾರರು, ಮಸ್ತಾನ್ ಸಾಹೇಬರ ದರ್ಗಾಕ್ಕೆ ಕೊಡುವ ಭೇಟಿ. ಇದನ್ನು ನಡೆಸುವ ತಿಗಳ ಸಮುದಾಯದವರು ತಲೆಮಾರುಗಳಿಂದ ಹೂವು, ತರಕಾರಿ ಬೆಳೆದ ತೋಟಗಾರರು. ಊರಿನ ತೋಟ ಬೆಳೆಸಿದ ಕೈಗಳೇ ಊರಿನ ವಸಂತೋತ್ಸವವನ್ನೂ ಕಾಪಾಡಿಕೊಂಡು ಬಂದಿವೆ.

ಚಿತ್ರ ಸಾಕ್ಷಿಯಾದಾಗ

ದಿನನಿತ್ಯದ ನೋಟಗಳನ್ನು ಚಿತ್ರವಾಗಿಸುವುದರಲ್ಲಿ ನಮಗೆ ಹಿರಿಯರಿದ್ದಾರೆ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಗಣ್ಯರ ಚಿತ್ರ ತೆಗೆದಷ್ಟೇ ಶ್ರದ್ಧೆಯಿಂದ ಸಾಮಾನ್ಯ ಜನರ ಬದುಕನ್ನೂ ಕಪ್ಪು–ಬಿಳುಪಿನಲ್ಲಿ ಹಿಡಿದರು. ಆಗ ಒಂದು ರೋಲಿನಲ್ಲಿ 36 ಚಿತ್ರ. ಪ್ರತಿ ಬಾರಿ ಗುಂಡಿ ಒತ್ತುವ ಮುನ್ನ ಇದು ಬೇಕೇ ಎಂದು ಯೋಚಿಸಲೇಬೇಕಿತ್ತು. ಬಣ್ಣವಿಲ್ಲದ ಕಾರಣ ಹೂವೊಂದೇ ಸಾಲುತ್ತಿರಲಿಲ್ಲ. ಮನುಷ್ಯ, ನೆರಳು, ಬೀದಿ ಎಲ್ಲವೂ ಬೇಕಾಗುತ್ತಿತ್ತು. ಇಂದು ಮೊಬೈಲ್‌ನಲ್ಲಿ ಸಾವಿರ ಚಿತ್ರ ತೆಗೆಯಬಹುದು. ಬಣ್ಣವನ್ನು ಅದೇ ಇನ್ನಷ್ಟು ಗಾಢಗೊಳಿಸಿ ಕೊಡುತ್ತದೆ. ಕಳೆದುಹೋದದ್ದು ಬೀದಿ.

ಇದು ಬರಿಯ ಸೌಂದರ್ಯದ ಮಾತಲ್ಲ. ಮಹಾತ್ಮ ಗಾಂಧಿ ರಸ್ತೆಯ ಒಂದು ಬದಿಗೆ, ಪರೇಡ್ ಮೈದಾನದ ಅಂಚಿನಲ್ಲಿ, ಮರಗಳ ನೆರಳಿನ ಕಾಲುದಾರಿಯೊಂದಿತ್ತು. ಕಾಗದದ ಹೂವಿನ ಬಳ್ಳಿಗಳ ಕೆಳಗೆ ಅಲ್ಲಿ ನಡೆದಾಡಿದವರು ಇನ್ನೂ ಅದನ್ನು ನೆನೆಯುತ್ತಾರೆ. ಮೆಟ್ರೊ ಕಾಮಗಾರಿಗಾಗಿ ಅದು ಹೋಯಿತು. 2011ರ ಅಕ್ಟೋಬರ್ 20ರಂದು ನಗರದ ಮೊದಲ ಮೆಟ್ರೊ ರೈಲು ಅದೇ ರಸ್ತೆಯಿಂದ ಬೈಯಪ್ಪನಹಳ್ಳಿಗೆ ಓಡಿತು. ಮೆಟ್ರೊ ಬೇಡವೆನ್ನಲು ಆಗದು. ಲಕ್ಷಾಂತರ ಜನ ಅದನ್ನು ನೆಚ್ಚಿದ್ದಾರೆ. ಆದರೆ ಆ ದಾರಿ ಹೇಗಿತ್ತೆಂದು ಇಂದಿನ ಮಕ್ಕಳಿಗೆ ತೋರಿಸಲು ಉಳಿದಿರುವುದು ಯಾರೋ ಸುಮ್ಮನೆ ತೆಗೆದಿಟ್ಟ ಚಿತ್ರಗಳು ಮಾತ್ರ.

ಕೆಲವೊಮ್ಮೆ ಫಲ ಬೇರೆಯಾಗುತ್ತದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟಲು ಎಂಟುನೂರಕ್ಕೂ ಹೆಚ್ಚು ಮರಗಳನ್ನು ತೆಗೆಯಬೇಕಾಗಿತ್ತು. 2016ರ ಅಕ್ಟೋಬರ್‌ನಲ್ಲಿ ಸಾವಿರಾರು ನಾಗರಿಕರು ರಸ್ತೆಯುದ್ದಕ್ಕೂ ಕೈಕೈ ಹಿಡಿದು ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ನಗರದಲ್ಲಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ತೆಗೆಯುವುದಾದರೆ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕು. ಆಕ್ಷೇಪಣೆ ಸಲ್ಲಿಸುವವರ ಕೈಯಲ್ಲಿ ಏನಿರುತ್ತದೆ? ನೀಲಿ ಆಕಾಶದ ಮುಂದಿನ ಹೂಗೊಂಚಲು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಇಂಥ ರಸ್ತೆಯಲ್ಲಿ, ಇಂಥ ಅಂಗಡಿಯ ಮುಂದೆ, ಇಂಥ ದಿನ ಇಷ್ಟು ಮರಗಳು ಆರೋಗ್ಯವಾಗಿ ಹೂ ಬಿಟ್ಟು ನಿಂತಿದ್ದವು ಎಂದು ತೋರಿಸುವ ಚಿತ್ರವಿದ್ದರೆ ಮಾತಿಗೆ ತೂಕ ಬರುತ್ತದೆ.

ತಾರೀಕು ಬರೆದಿಟ್ಟರೆ ಇನ್ನೊಂದು ಪ್ರಯೋಜನವೂ ಇದೆ. ಜಪಾನಿನ ಕ್ಯೋಟೊ ನಗರದಲ್ಲಿ ಚೆರಿ ಹೂವು ಅರಳಿದ ದಿನಗಳ ಉಲ್ಲೇಖ 9ನೇ ಶತಮಾನದಿಂದ ಸಿಗುತ್ತದೆ. 2021ರಲ್ಲಿ ಮಾರ್ಚ್ 26ಕ್ಕೇ ಹೂವು ಪೂರ್ತಿ ಅರಳಿದಾಗ, 1200 ವರ್ಷಗಳಲ್ಲಿ ಇಷ್ಟು ಬೇಗ ಅರಳಿದ್ದಿಲ್ಲ ಎಂದು ವಿಜ್ಞಾನಿಗಳು ಹೇಳಲು ಸಾಧ್ಯವಾದದ್ದು ಆ ಹಳೆಯ ದಿನಚರಿಗಳಿಂದ. ನಮ್ಮ ಬೀದಿಯ ಹೊಂಗೆ ಹೋದ ವರ್ಷ ಯಾವಾಗ ಚಿಗುರಿತು ಎಂದು ನಮಗೆ ನೆನಪಿದೆಯೇ?

ಮಾಡಬೇಕಾದ್ದು ದೊಡ್ಡ ಕೆಲಸವೇನಲ್ಲ. ಹೂವಿನ ಚಿತ್ರ ತೆಗೆದ ಮೇಲೆ ಹತ್ತು ಹೆಜ್ಜೆ ಹಿಂದೆ ಸರಿದು ಇನ್ನೊಂದು ತೆಗೆಯಿರಿ. ಮರದ ಬುಡ, ರಸ್ತೆಯ ಫಲಕ, ಎದುರಿನ ಮನೆ, ಕೆಳಗೆ ನಿಂತ ತಳ್ಳುಗಾಡಿ ಅದರಲ್ಲಿ ಬರಲಿ. ಬೆಳಗ್ಗೆ ಏಳರಿಂದ ಎಂಟರೊಳಗೆ ಬಿಸಿಲು ಓರೆಯಾಗಿರುವಾಗ ಹೂವಿನ ಬಣ್ಣವೂ ನಿಜವಾಗಿ ಬರುತ್ತದೆ, ಗೋಡೆಯೂ ಕಾಣುತ್ತದೆ. ಮೊಬೈಲ್ ಚಿತ್ರದೊಳಗೆ ತಾರೀಕನ್ನು ತಾನೇ ದಾಖಲಿಸಿಕೊಂಡಿರುತ್ತದೆ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿನಂತೆ ಕಳುಹಿಸಿದ ಚಿತ್ರದಲ್ಲಿ ಆ ವಿವರ ಉಳಿಯುವುದಿಲ್ಲ. ಆದ್ದರಿಂದ ಬೀದಿ, ತಿಂಗಳು, ವರ್ಷವನ್ನು ಜತೆಗೆ ಬರೆಯಿರಿ. ಮುಂದಿನ ವಸಂತದಲ್ಲಿ ಅದೇ ಜಾಗದಲ್ಲಿ ನಿಂತು ಮತ್ತೊಂದು ತೆಗೆಯಿರಿ.

ಕಬ್ಬನ್ ಉದ್ಯಾನದಲ್ಲಿ ಒಂಬತ್ತು ಗಂಟೆಗೆ ಬಿಸಿಲು ಏರುತ್ತದೆ. ಜನ ಕರಗುತ್ತಾರೆ. ಪೊರಕೆ ಹಿಡಿದ ಹೆಂಗಸು ಉದುರಿದ ಹೂಗಳನ್ನು ಗುಡಿಸಿ ಮರದ ಬುಡಕ್ಕೆ ಒಟ್ಟುತ್ತಾಳೆ. ದಿನವೂ ಆ ಮರಗಳ ಕೆಳಗೆ ಇರುವವಳು ಅವಳು. ಆ ಬೆಳಗಿನ ನೂರಾರು ಚಿತ್ರಗಳಲ್ಲಿ ಎಷ್ಟರಲ್ಲಿ ಅವಳಿದ್ದಾಳೆ?